ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆ ಮತ್ತು ವೃಷಣದ ಆರೋಗ್ಯ

ಉಡುಪಿಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ತೊಡೆಸಂದಿನ ಹರ್ನಿಯಾ ಗಂಡಸರಲ್ಲಿ ಎಷ್ಟು ಸಾಮಾನ್ಯವೆಂದರೆ, ಹುಟ್ಟಿನಿಂದ ಮುಪ್ಪಿನವರೆಗೆ ಲೆಕ್ಕ ಹಾಕಿದಾಗ ನಾಲ್ವರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ. ಹೆಂಗಸರಲ್ಲಿ ನೂರಕ್ಕೆ ಮೂವರಿಗೆ ಬರಬಹುದು. ಜಗತ್ತಿನಲ್ಲಿ ವರ್ಷಕ್ಕೆ 2 ಕೋಟಿಯಷ್ಟು ಹರ್ನಿಯಾ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ ಎಂಬ ಅಂದಾಜಿದೆ. ನಮ್ಮ ಕರಾವಳಿಯಲ್ಲಂತೂ ಇದಕ್ಕೊಂದು ಋತುವೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟುಗಳು ದಕ್ಕೆಯಲ್ಲಿ ನಿಂತಾಗ, ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಮೀನುಗಾರರು ವರ್ಷವಿಡೀ ಮುಂದೂಡಿಕೊಂಡು ಬಂದ ಹರ್ನಿಯಾಕ್ಕೆ ಚಿಕಿತ್ಸೆ ಕೇಳಿಕೊಂಡು ಬರುತ್ತಾರೆ. ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಕಲಾವಿದರು ಬರುತ್ತಾರೆ, ಅಡಿಕೆ ಕೊಯ್ಲು ಮುಗಿದ ಮೇಲೆ ತೋಟದ ಕೆಲಸದವರು ಬರುತ್ತಾರೆ. ಖರ್ಚೆಷ್ಟು, ಎಷ್ಟು ದಿನ ಮಲಗಬೇಕು, ಭಾರ ಯಾವಾಗ ಎತ್ತಬಹುದು ಎಂದು ಎಲ್ಲರೂ ಕೇಳುತ್ತಾರೆ. ಮನಸ್ಸಿನಲ್ಲಿರುವ ಇನ್ನೊಂದು ಪ್ರಶ್ನೆಯನ್ನು ಮಾತ್ರ ಕೇಳುವವರು ತೀರಾ ಕಡಿಮೆ. ಎಲ್ಲ ಮುಗಿದು ಎದ್ದು ಹೋಗುವಾಗ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಅದು ಬರುತ್ತದೆ: "ಡಾಕ್ಟ್ರೇ, ಮತ್ತೆ ಮಕ್ಕಳಾಗ್ಲಿಕ್ಕೆ ಏನಾದ್ರೂ ತೊಂದರೆ ಉಂಟಾ?"

ಈ ಪ್ರಶ್ನೆ ಸರಿಯಾದದ್ದು, ಅದಕ್ಕೆ ನಾಚಬೇಕಾಗಿಲ್ಲ. ಹರ್ನಿಯಾದ ಶಸ್ತ್ರಚಿಕಿತ್ಸೆ ಎಂದರೆ ವೃಷಣದ ರಕ್ತನಾಳಗಳನ್ನೂ ವೀರ್ಯನಾಳವನ್ನೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ ಮಾಡುವ ಕೆಲಸ. ವೃಷಣಕ್ಕೆ ಅದರಿಂದ ಅಪಾಯವಿದೆಯೇ ಎಂದು ಕೇಳಿದರೆ, ಇದೆ, ಬಹುಪಾಲು ಜನರಿಗೆ ಅದು ತೀರಾ ಸಣ್ಣದು, ಆದರೆ ಎಲ್ಲರಿಗೂ ಒಂದೇ ಪ್ರಮಾಣದ್ದಲ್ಲ ಎಂದು ಉತ್ತರಿಸಬೇಕಾಗುತ್ತದೆ. ಯಾರಿಗೆ ಸಣ್ಣದು, ಯಾರಿಗೆ ದೊಡ್ಡದು ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ವೈದ್ಯರೂ ರೋಗಿಯೂ ಎದುರುಬದುರು ಕುಳಿತು ಮಾತಾಡಿಕೊಳ್ಳಬೇಕು. ಇಂದು ನಾನು ತಮ್ಮ ಮುಂದೆ ಇಡಬಯಸುವುದು ಇದನ್ನೇ.

ಹರ್ನಿಯಾಕ್ಕೂ ವೃಷಣಕ್ಕೂ ಇರುವ ನಂಟು ನಾವು ಹುಟ್ಟುವ ಮೊದಲೇ ಆರಂಭವಾಗುತ್ತದೆ. ಗರ್ಭದಲ್ಲಿರುವ ಗಂಡು ಶಿಶುವಿನ ವೃಷಣಗಳು ಮೊದಲು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಬೆನ್ನಿನ ಬದಿಯಲ್ಲಿ, ಮೂತ್ರಪಿಂಡಗಳ ಸಮೀಪ. ಗರ್ಭದ ಏಳನೆಯ ತಿಂಗಳಿನಿಂದೀಚೆಗೆ ಅವು ತೊಡೆಸಂದಿನ ದಾರಿಯಾಗಿ ಇಳಿದು ವೃಷಣಚೀಲವನ್ನು ಸೇರುತ್ತವೆ. ಇಳಿಯುವಾಗ ಹೊಟ್ಟೆಯ ಒಳಪೊರೆಯ ಒಂದು ನಾಲಗೆಯೂ ಅವುಗಳ ಜೊತೆಗೆ ಕೆಳಗೆ ಬರುತ್ತದೆ. ವೃಷಣ ತನ್ನ ಜಾಗ ಸೇರಿದ ಮೇಲೆ ಈ ನಾಲಗೆ ಮುಚ್ಚಿಕೊಳ್ಳಬೇಕು. ಮುಚ್ಚದೆ ಅಗಲವಾಗಿ ಉಳಿದರೆ ಕರುಳು ಅಥವಾ ಕೊಬ್ಬು ಅದರೊಳಗೆ ಇಳಿಯುತ್ತದೆ, ಅದೇ ಹರ್ನಿಯಾ. ಸಣ್ಣ ರಂಧ್ರವಷ್ಟೇ ಉಳಿದರೆ ನೀರು ಮಾತ್ರ ಇಳಿದು ಹೈಡ್ರೋಸೀಲ್ ಆಗುತ್ತದೆ. ವಯಸ್ಸಾದ ಮೇಲೆ ಹೊಟ್ಟೆಯ ಗೋಡೆಯೇ ಸವೆದು ಬರುವ ಇನ್ನೊಂದು ಬಗೆಯ ಹರ್ನಿಯಾ ಇದೆ. ಬಹುಕಾಲದ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರಕ್ಕೆ ಮುಕ್ಕುವುದು, ಬೀಡಿ ಸಿಗರೇಟು ಇವೆಲ್ಲ ಅದಕ್ಕೆ ಇಂಬು ಕೊಡುತ್ತವೆ. ಯಾವ ಬಗೆಯೇ ಆಗಲಿ, ಹೊರಬೀಳುವುದು ವೃಷಣ ಇಳಿದುಬಂದ ದಾರಿಯ ಆಸುಪಾಸಿನಲ್ಲೇ.

ಆ ದಾರಿಯಲ್ಲಿ ಏನೇನಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತೊಡೆಸಂದಿನಲ್ಲಿ ಆರೇಳು ಸೆಂಟಿಮೀಟರಿನ ಗಾಯ ಮಾಡಿ, ಚರ್ಮ, ಕೊಬ್ಬು, ಅದರ ಕೆಳಗಿನ ಬಿಳಿಯ ಹೊಳಪಿನ ಗಟ್ಟಿ ಪದರ ಇಷ್ಟನ್ನು ಬಿಡಿಸಿದಾಗ, ಕಿರುಬೆರಳಿನಷ್ಟು ದಪ್ಪದ ಒಂದು ಮೆತ್ತನೆಯ ಹುರಿ ಕಾಣುತ್ತದೆ. ಇದನ್ನು ವೃಷಣರಜ್ಜು ಎನ್ನುತ್ತೇವೆ. ಅದರ ಮೇಲೆಯೇ ನೂಲಿನಂಥ ಬಿಳಿಯ ನರವೊಂದು ಮಲಗಿರುತ್ತದೆ. ಬೆರಳನ್ನು ಕೆಳಗಿನಿಂದ ಹಾಯಿಸಿ ಹುರಿಯನ್ನು ಮೇಲೆತ್ತಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸಿದರೆ ಒಂದು ಭಾಗ ಮಾತ್ರ ಗಟ್ಟಿಯಾಗಿ, ಜಾರುತ್ತಾ ಕೈಗೆ ಸಿಗುತ್ತದೆ, ಅದು ವೀರ್ಯನಾಳ. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಮೇಲೇರಿ ಹೋಗಲು ಆ ಬದಿಯಲ್ಲಿ ಇರುವುದು ಅದೊಂದೇ ಹಾದಿ. ಅದರ ಪಕ್ಕದಲ್ಲಿ ವೃಷಣದ ಮುಖ್ಯ ಅಪಧಮನಿ, ಅಂದರೆ ರಕ್ತ ತಂದುಕೊಡುವ ನಾಳ, ಇದೆ. ಇದು ಮೂತ್ರಪಿಂಡಗಳ ಮಟ್ಟದ ಸ್ವಲ್ಪ ಕೆಳಗೆ ಮಹಾಪಧಮನಿಯಿಂದ ಕವಲೊಡೆದು ಅಷ್ಟು ದೂರ ಬಂದದ್ದು. ಇನ್ನೆರಡು ಸಣ್ಣ ಅಪಧಮನಿಗಳು, ಒಂದು ವೀರ್ಯನಾಳದ ಮೈಗಂಟಿಕೊಂಡು, ಇನ್ನೊಂದು ರಜ್ಜುವಿನ ಸ್ನಾಯುವಿನೊಂದಿಗೆ, ಅದಕ್ಕೆ ಬೆಂಬಲವಾಗಿ ಹರಿಯುತ್ತವೆ. ಇವುಗಳ ಸುತ್ತ, ರಕ್ತವನ್ನು ಹಿಂದಕ್ಕೆ ಒಯ್ಯುವ ಹತ್ತಾರು ತೆಳುಗೋಡೆಯ ಅಭಿಧಮನಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹರ್ನಿಯಾದ ಚೀಲ, ಅಂದರೆ ಕೆಳಗಿಳಿದ ಒಳಪೊರೆ, ಈ ಎಲ್ಲದರ ನಡುವೆ ಮುತ್ತಿನ ಬಣ್ಣದಲ್ಲಿ ಅಂಟಿಕೊಂಡಿರುತ್ತದೆ. ಆ ಚೀಲವನ್ನು ಬಿಡಿಸುವುದು ಹರ್ನಿಯಾ ಶಸ್ತ್ರಚಿಕಿತ್ಸೆಯ ಹೃದಯಭಾಗ. ವೃಷಣಕ್ಕೆ ಪೆಟ್ಟಾಗುವುದಿದ್ದರೆ ಸಾಮಾನ್ಯವಾಗಿ ಆಗುವುದೂ ಈ ಹಂತದಲ್ಲಿಯೇ.

ಶಸ್ತ್ರಚಿಕಿತ್ಸೆಯ ಅಪಾಯವನ್ನು ಹೇಳುವ ಮೊದಲು ಹರ್ನಿಯಾವೇ ವೃಷಣಕ್ಕೆ ಏನು ಮಾಡುತ್ತದೆ ಎಂಬುದನ್ನು ಹೇಳದಿದ್ದರೆ ತಪ್ಪು ಚಿತ್ರ ಕೊಟ್ಟಂತಾಗುತ್ತದೆ. ವೃಷಣ ದೇಹದ ಉಳಿದ ಭಾಗಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪಾದ ಜಾಗದಲ್ಲಿ ಕೆಲಸ ಮಾಡುವ ಅಂಗ. ವರ್ಷಗಟ್ಟಲೆ ಕರುಳು ವೃಷಣಚೀಲಕ್ಕೆ ಇಳಿದು ಕುಳಿತರೆ ಅದರ ಬಿಸಿಯೂ ಒತ್ತಡವೂ ವೃಷಣದ ಮೇಲೆ ಬೀಳುತ್ತವೆ, ಕಿರಿದಾದ ದಾರಿಯಲ್ಲಿ ರಕ್ತನಾಳಗಳು ಅದುಮಿಕೊಳ್ಳುತ್ತವೆ. ಕರುಳು ಸಿಕ್ಕಿಹಾಕಿಕೊಂಡು ಹಿಂದೆ ಹೋಗದಂತಾದರೆ ಮೊದಲು ಅಪಾಯಕ್ಕೆ ಒಳಗಾಗುವುದು ಕರುಳಾದರೂ, ಅದೇ ಬಿಗಿತದಲ್ಲಿ ವೃಷಣದ ರಕ್ತ ಸಂಚಾರವೂ ನಿಲ್ಲಬಹುದು. ಆದ್ದರಿಂದ ವೃಷಣಕ್ಕೆ ಏನಾದರೂ ಆದೀತೆಂದು ಹೆದರಿ, ನೋವು ಕೊಡುತ್ತಿರುವ ದೊಡ್ಡ ಹರ್ನಿಯಾವನ್ನು ಹತ್ತು ವರ್ಷ ಹಾಗೇ ಇಟ್ಟುಕೊಳ್ಳುವುದರಿಂದ ವೃಷಣಕ್ಕೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಹರ್ನಿಯಾ ವೃಷಣಚೀಲದವರೆಗೆ ಇಳಿದ ಮೇಲೆ ಶಸ್ತ್ರಚಿಕಿತ್ಸೆಯೂ ಕಠಿಣವಾಗುತ್ತದೆ, ವೃಷಣದ ಅಪಾಯವೂ ಏರುತ್ತದೆ.

ಇಲ್ಲಿ ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಮಾತನ್ನು ಸೇರಿಸಬೇಕು. ದಕ್ಷಿಣ ಕನ್ನಡ ಮತ್ತು ಉಡುಪಿ ಆನೆಕಾಲು ರೋಗವನ್ನು ಬಹುಕಾಲದಿಂದ ಕಂಡ ಜಿಲ್ಲೆಗಳು. ಕಾಲು ದಪ್ಪವಾಗುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ರೋಗ ತರುವ ಫೈಲೇರಿಯಾ ಹುಳುವೇ ಗಂಡಸರಲ್ಲಿ ವೃಷಣದ ಸುತ್ತ ನೀರು ತುಂಬುವಂತೆ ಮಾಡುವುದು ಪಂಚೆಯ ಮರೆಯಲ್ಲಿ ಉಳಿದುಬಿಡುತ್ತದೆ. ವೃಷಣಚೀಲ ದೊಡ್ಡದಾಗಿದೆ ಎಂದ ಮಾತ್ರಕ್ಕೆ ಅದು ಹರ್ನಿಯಾ ಅಲ್ಲ, ಹೈಡ್ರೋಸೀಲ್ ಇರಬಹುದು, ಎರಡೂ ಒಟ್ಟಿಗೆ ಇರಬಹುದು, ವೃಷಣದಲ್ಲಿಯೇ ಗಡ್ಡೆಯೂ ಇರಬಹುದು. ಮಲಗಿಸಿಯೂ ನಿಲ್ಲಿಸಿಯೂ ಪರೀಕ್ಷೆ ಮಾಡಿ, ಎರಡೂ ವೃಷಣಗಳನ್ನು ಕೈಯಿಂದ ಮುಟ್ಟಿ ಗಾತ್ರವನ್ನು ಬರೆದಿಡುವುದು ಹರ್ನಿಯಾ ಪರೀಕ್ಷೆಯ ಒಂದು ಭಾಗ. ವಯಸ್ಕರ ವೃಷಣ ಸಾಮಾನ್ಯವಾಗಿ 15ರಿಂದ 25 ಮಿಲಿಲೀಟರ್ ಗಾತ್ರದ್ದು. ಮೊದಲಿದ್ದ ಗಾತ್ರ ದಾಖಲೆಯಲ್ಲಿ ಇಲ್ಲದಿದ್ದರೆ, ಮುಂದೆ ಒಂದು ವೃಷಣ ಸಣ್ಣದಾಗಿ ಕಂಡಾಗ ಅದು ಶಸ್ತ್ರಚಿಕಿತ್ಸೆಯಿಂದ ಆಯಿತೋ, ಬಾಲ್ಯದ ಮಂಗನಬಾವಿನಿಂದ ಮೊದಲೇ ಹಾಗಿತ್ತೋ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಇಷ್ಟು ಸುಲಭದ, ಕಾಸು ಖರ್ಚಿಲ್ಲದ ಪರೀಕ್ಷೆ ಅವಸರದಲ್ಲಿ ಬಿಟ್ಟುಹೋಗುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಶಸ್ತ್ರಚಿಕಿತ್ಸೆಯ ವಿಧಾನಗಳ ಇತಿಹಾಸವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಇಟಲಿಯ ಪಾದುವಾದಲ್ಲಿ ಎಡುವಾರ್ಡೊ ಬಸ್ಸೀನಿ 1880ರ ದಶಕದಲ್ಲಿ ತೊಡೆಸಂದಿನ ಗೋಡೆಯನ್ನು ಹೊಲಿದು ಭದ್ರಪಡಿಸುವ ಕ್ರಮವನ್ನು ರೂಪಿಸಿದ ಮೇಲೆ ಈ ಶಸ್ತ್ರಚಿಕಿತ್ಸೆಗೆ ಆಧುನಿಕ ರೂಪ ಬಂತು. ಎಳೆದು ಹೊಲಿದ ಅಂಗಾಂಶ ಮತ್ತೆ ಸಡಿಲಗೊಳ್ಳುತ್ತದೆ ಎಂಬುದು ಅದರ ಕೊರತೆಯಾಗಿತ್ತು. 1980ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಇರ್ವಿಂಗ್ ಲಿಕ್ಟನ್‌ಸ್ಟೈನ್ ಮತ್ತು ಸಂಗಡಿಗರು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಲೆ, ಅಂದರೆ ಮೆಶ್ ಇಟ್ಟು, ಎಳೆತವಿಲ್ಲದೆ ಗೋಡೆ ಭದ್ರಪಡಿಸುವುದನ್ನು ಪ್ರಚಾರಕ್ಕೆ ತಂದರು. 1990ರ ದಶಕದಿಂದ ಲ್ಯಾಪರೊಸ್ಕೋಪಿಯ ಮೂಲಕ, ಅಂದರೆ ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉಪಕರಣ ಹಾಯಿಸಿ, ಒಳಗಿನಿಂದ ಮೆಶ್ ಇಡುವ ವಿಧಾನ ಬಂತು. ಇಂದು ನಮ್ಮ ಊರುಗಳಲ್ಲಿ ವಯಸ್ಕರಿಗೆ ಆಗುವುದು ಹೆಚ್ಚಾಗಿ ಇವೆರಡೇ, ತೆರೆದ ಮೆಶ್ ಅಥವಾ ಲ್ಯಾಪರೊಸ್ಕೋಪಿ. ಮಕ್ಕಳಿಗೆ ಮೆಶ್ ಬೇಕಾಗಿಲ್ಲ, ಚೀಲವನ್ನು ಮೇಲ್ಭಾಗದಲ್ಲಿ ಕಟ್ಟಿದರೆ ಸಾಕು.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಹೋದವರನ್ನು ಮೊದಲು ಗಾಬರಿಪಡಿಸುವುದು ಬಣ್ಣ. ಎರಡನೆಯ ಅಥವಾ ಮೂರನೆಯ ದಿನ ವೃಷಣಚೀಲದ ಚರ್ಮ, ಕೆಲವೊಮ್ಮೆ ಶಿಶ್ನದ ಬುಡವೂ, ನೀಲಿಗಪ್ಪಾಗುತ್ತದೆ. ಗಾಯದ ಜಾಗದಲ್ಲಿ ಜಿನುಗಿದ ಸ್ವಲ್ಪ ರಕ್ತ ಕೆಳಕ್ಕೆ ಇಳಿದು ಸಡಿಲವಾದ ಚರ್ಮದಡಿ ಹರಡಿಕೊಳ್ಳುವುದರಿಂದ ಹೀಗಾಗುತ್ತದೆ. ಎರಡು ವಾರಗಳೊಳಗೆ ನೀಲಿಯಿಂದ ಹಸಿರು, ಹಸಿರಿನಿಂದ ಹಳದಿಯಾಗಿ ಮಾಯವಾಗುತ್ತದೆ. ಸ್ವಲ್ಪ ಊತವೂ ಇರುತ್ತದೆ. ದೊಡ್ಡ ಹರ್ನಿಯಾ ಇದ್ದವರಲ್ಲಿ ಖಾಲಿಯಾದ ಜಾಗದಲ್ಲಿ ನೀರು ತುಂಬಿ, "ಆಪರೇಷನ್ ಆದ್ರೂ ಗಂಟು ಹಾಗೇ ಉಂಟು" ಎಂದು ಹೇಳುವಂತಾಗುತ್ತದೆ. ಆ ನೀರನ್ನು ಕೆಲವು ವಾರಗಳಲ್ಲಿ ದೇಹ ತಾನಾಗಿಯೇ ಹೀರಿಕೊಳ್ಳುತ್ತದೆ, ಸೂಜಿ ಚುಚ್ಚಿ ತೆಗೆಯಲು ಹೋದರೆ ಸೋಂಕು ತಗಲುವ ಸಾಧ್ಯತೆಯೇ ಹೆಚ್ಚು. ಈ ದಿನಗಳಲ್ಲಿ ವೃಷಣಚೀಲಕ್ಕೆ ಆಧಾರ ಕೊಡುವ ಬಿಗಿಯಾದ ಒಳಉಡುಪು ಹಾಕಿಕೊಂಡರೆ ಊತವೂ ನೋವೂ ಇಳಿಯುತ್ತವೆ. ಹಿಂದಿನವರ ಲಂಗೋಟಿಯೂ ಈ ಕೆಲಸಕ್ಕೆ ಚೆನ್ನಾಗಿಯೇ ಆಗುತ್ತದೆ, ಗಾಯದ ಮೇಲೆ ಅದರ ದಾರ ಬೀಳದಂತೆ ನೋಡಿಕೊಂಡರೆ ಸರಿ.

ಇದರಿಂದ ಬೇರೆಯಾದ ಒಂದು ಸ್ಥಿತಿ ಇದೆ, ಅದನ್ನು ತಾವು ಗುರುತಿಸಲು ಕಲಿಯಬೇಕು. ಚರ್ಮ ನೀಲಿಯಾಗುವ ಬದಲು ಒಳಗಿನ ವೃಷಣವೇ ಊದಿಕೊಂಡು, ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಲು ಬಿಡದಷ್ಟು ನೋಯುತ್ತದೆ, ಸಣ್ಣ ಜ್ವರವೂ ಬರುತ್ತದೆ. ಇದು ಕಾಣಿಸಿಕೊಳ್ಳುವುದು ಶಸ್ತ್ರಚಿಕಿತ್ಸೆಯ ದಿನವಲ್ಲ, ಸಾಮಾನ್ಯವಾಗಿ ಎರಡರಿಂದ ಐದು ದಿನಗಳೊಳಗೆ. ಅಪಧಮನಿಯನ್ನು ಯಾರೋ ಕತ್ತರಿಸಿದರು ಎಂದು ಮನೆಯವರು ತಿಳಿಯುತ್ತಾರೆ. ಹೆಚ್ಚಿನ ಪ್ರಕರಣಗಳಲ್ಲಿ ನಡೆದಿರುವುದು ಬೇರೆ. ವೃಷಣರಜ್ಜುವಿನ ಆ ತೆಳುಗೋಡೆಯ ಅಭಿಧಮನಿಗಳು ಚೀಲ ಬಿಡಿಸುವಾಗ ಘಾಸಿಗೊಂಡು, ಅವುಗಳೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಒಳಗೆ ಬಂದ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲದೆ ವೃಷಣ ಕಟ್ಟಿಕೊಳ್ಳುತ್ತದೆ, ಒತ್ತಡ ಏರಿದಂತೆ ಹೊಸ ರಕ್ತವೂ ಬರುವುದು ನಿಲ್ಲುತ್ತದೆ. ಊತ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ವೃಷಣ ಪೂರ್ತಿ ಚೇತರಿಸಿಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಮುಂದಿನ ತಿಂಗಳುಗಳಲ್ಲಿ ನೋವಿಲ್ಲದೆ ಕುಗ್ಗುತ್ತಾ ಹೋಗುತ್ತದೆ. ಒಮ್ಮೆ ಕುಗ್ಗಿದ ವೃಷಣವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ.

ಈ ತೊಂದರೆ ಮೊದಲ ಬಾರಿಯ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಬರುತ್ತದೆ. ಆದರೆ ಮೊದಲೊಮ್ಮೆ ತೆರೆದ ಶಸ್ತ್ರಚಿಕಿತ್ಸೆಯಾಗಿ, ಹರ್ನಿಯಾ ಮರುಕಳಿಸಿ, ಅದೇ ಗಾಯದ ಮೂಲಕ ಮತ್ತೆ ಒಳಹೊಕ್ಕರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಹಳೆಯ ಗಾಯದ ಗಟ್ಟಿ ಅಂಗಾಂಶದಲ್ಲಿ ರಜ್ಜು ಹೂತುಹೋಗಿರುತ್ತದೆ, ನಾಳ ಯಾವುದು ಕಲೆ ಯಾವುದು ಎಂದು ಬಿಡಿಸುವುದೇ ಕಷ್ಟ. ಅದಕ್ಕೇ ಮೊದಲು ಮುಂದಿನಿಂದ ಮಾಡಿದ್ದರೆ ಎರಡನೆಯ ಸಲ ಲ್ಯಾಪರೊಸ್ಕೋಪಿಯಿಂದ ಹಿಂದಿನಿಂದ, ಅಂದರೆ ಹೊಟ್ಟೆಗೋಡೆಯ ಒಳಬದಿಯಿಂದ, ಮೊದಲು ಲ್ಯಾಪರೊಸ್ಕೋಪಿ ಆಗಿದ್ದರೆ ಈಗ ಮುಂದಿನಿಂದ ಮಾಡಬೇಕೆಂದು ಇಂದಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಮುಟ್ಟದ ಜಾಗದಲ್ಲಿ ಕೆಲಸ ಮಾಡುವುದರ ಲಾಭ ವೃಷಣಕ್ಕೆ ಸಿಗುತ್ತದೆ. ಆದ್ದರಿಂದ ಹಳೆಯ ಡಿಸ್ಚಾರ್ಜ್ ಸಮರಿಯನ್ನು ಎಸೆಯಬೇಡಿ. ಹದಿನೈದು ವರ್ಷಗಳ ಹಿಂದಿನ ಒಂದು ಹಾಳೆ, ಯಾವ ಬದಿಗೆ ಏನು ಮಾಡಿದರು, ಮೆಶ್ ಇಟ್ಟಿದ್ದಾರೋ ಇಲ್ಲವೋ ಎಂಬುದನ್ನು ಹೇಳಿ ಎರಡನೆಯ ಶಸ್ತ್ರಚಿಕಿತ್ಸೆಯ ದಾರಿಯನ್ನೇ ಬದಲಿಸಬಲ್ಲದು.

ವೃಷಣಚೀಲದವರೆಗೆ ಇಳಿದ ದೊಡ್ಡ ಹರ್ನಿಯಾ ಅಪಾಯ ಹೆಚ್ಚಿಸುವ ಇನ್ನೊಂದು ಸಂಗತಿ. ಇಲ್ಲಿ ಶಸ್ತ್ರವೈದ್ಯರ ಸಂಯಮಕ್ಕೆ ಬೆಲೆಯಿದೆ. ಚೀಲವನ್ನು ತುದಿಯವರೆಗೂ ಬಿಡಿಸಿ ಪೂರ್ತಿ ತೆಗೆಯಬೇಕೆಂಬ ಆಸೆ ಸಹಜ, ನೋಡಲು ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕೆಳಗೆ ಹೋದಷ್ಟೂ ಅಭಿಧಮನಿಗಳು ಚೀಲಕ್ಕೆ ಹೆಚ್ಚು ಅಂಟಿಕೊಂಡಿರುತ್ತವೆ. ಚೀಲವನ್ನು ನಡುವೆ ಕತ್ತರಿಸಿ, ಮೇಲ್ಭಾಗವನ್ನು ಮಾತ್ರ ಕಟ್ಟಿ, ಕೆಳಭಾಗವನ್ನು ಬಾಯಿ ತೆರೆದಿರುವಂತೆ ಅಲ್ಲಿಯೇ ಬಿಡುವುದು ಸುರಕ್ಷಿತ. ಉಳಿದ ಭಾಗದಲ್ಲಿ ಮುಂದೆ ನೀರು ತುಂಬುವ ಸಾಧ್ಯತೆ ಇರುತ್ತದೆ, ಆದರೆ ನೀರನ್ನು ಸರಿಪಡಿಸಬಹುದು, ಸತ್ತ ವೃಷಣವನ್ನು ಸರಿಪಡಿಸಲಾಗದು. ಹಾಗೆಯೇ ವೃಷಣವನ್ನು ಅದರ ಜಾಗದಿಂದ ಎಳೆದು ಗಾಯದೊಳಗೆ ತರಬಾರದು. ಮೇಲಿನ ನಾಳಗಳಿಗೆ ಪೆಟ್ಟಾದಾಗ ಆಸರೆಯಾಗುವ ಸಣ್ಣ ರಕ್ತನಾಳಗಳು ವೃಷಣಚೀಲದಲ್ಲಿವೆ, ಎಳೆದಾಗ ಅವು ಕಡಿದುಹೋಗುತ್ತವೆ.

ತೆರೆದ ಶಸ್ತ್ರಚಿಕಿತ್ಸೆಯೋ ಲ್ಯಾಪರೊಸ್ಕೋಪಿಯೋ, ವೃಷಣಕ್ಕೆ ಯಾವುದು ಒಳ್ಳೆಯದು ಎಂದು ಬಹಳ ಮಂದಿ ಕೇಳುತ್ತಾರೆ. ಡಾಪ್ಲರ್ ಸ್ಕ್ಯಾನಿಂಗ್ ಮಾಡಿ ಎರಡೂ ವಿಧಾನಗಳ ನಂತರ ವೃಷಣದ ರಕ್ತಸಂಚಾರವನ್ನು ಅಳೆದ ಅಧ್ಯಯನಗಳು ಹಲವಿವೆ. ಮೊದಲ ದಿನಗಳಲ್ಲಿ ಸಂಚಾರದಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತದೆ, ಕೆಲವು ತಿಂಗಳುಗಳಲ್ಲಿ ಬಹುತೇಕ ಮೊದಲಿನ ಮಟ್ಟಕ್ಕೆ ಬರುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ನೋವು ಕಡಿಮೆ, ಕೆಲಸಕ್ಕೆ ಬೇಗ ಹಿಂತಿರುಗಬಹುದು. ಆದರೆ ಅಲ್ಲಿಯೂ ಚೀಲವನ್ನು ವೀರ್ಯನಾಳ ಮತ್ತು ರಕ್ತನಾಳಗಳಿಂದ ಬಿಡಿಸಲೇಬೇಕು, ಮೆಶ್ ಅವುಗಳ ಮೇಲೆಯೇ ಹಾಸಿರುತ್ತದೆ. ಮೊದಲ ಬಾರಿಯ, ಒಂದು ಬದಿಯ ಹರ್ನಿಯಾದಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ವಿಧಾನದ ಹೆಸರಿಗಿಂತ ಆ ವಿಧಾನದಲ್ಲಿ ಪಳಗಿದ ಕೈಯನ್ನು ನೋಡಿ ಆರಿಸಿಕೊಳ್ಳಿ ಎನ್ನುತ್ತೇನೆ.

ಈಗ ಮಕ್ಕಳಾಗುವ ಪ್ರಶ್ನೆಗೆ ಬರೋಣ. ಅದರಲ್ಲಿ ಎರಡು ಬೇರೆ ಸಂಗತಿಗಳಿವೆ. ವೃಷಣ ವೀರ್ಯಾಣುಗಳನ್ನು ತಯಾರಿಸುವುದು ಒಂದು, ತಯಾರಾದದ್ದು ವೀರ್ಯನಾಳದಲ್ಲಿ ಹೊರಬರುವುದು ಇನ್ನೊಂದು. ವೀರ್ಯನಾಳ ಕತ್ತರಿಸಿಹೋಗುವುದು ವಯಸ್ಕರಲ್ಲಿ ಬಲು ಅಪರೂಪ. ಮಕ್ಕಳಲ್ಲಿ ಅದು ನೂಲಿನಷ್ಟು ಸಪೂರ ಇರುವುದರಿಂದ ಸ್ವಲ್ಪ ಹೆಚ್ಚು. ಕತ್ತರಿಸದೆ ಇಕ್ಕಳದಲ್ಲಿ ಅದುಮಿದರೂ ನಾಳ ಒಳಗೆ ಮುಚ್ಚಿಕೊಳ್ಳಬಹುದು. ಒಂದೇ ಬದಿಯಲ್ಲಿ ಆದದ್ದಾದರೆ ಇನ್ನೊಂದು ಬದಿ ಕೆಲಸ ಮಾಡುವುದರಿಂದ ಗೊತ್ತೇ ಆಗುವುದಿಲ್ಲ. ಬಾಲ್ಯದಲ್ಲಿ ಎರಡೂ ಬದಿಗೆ ಶಸ್ತ್ರಚಿಕಿತ್ಸೆಯಾದವರು ಮದುವೆಯಾಗಿ ಮಕ್ಕಳಾಗದೆ, ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳೇ ಕಾಣದಿದ್ದಾಗ ಈ ಹಳೆಯ ಗಾಯದ ಕಡೆಗೆ ಗಮನ ಹೋಗಬೇಕು. ಅಲ್ಲಿಯೂ ಎಲ್ಲ ಮುಗಿಯಿತೆಂದಿಲ್ಲ. ಸೂಕ್ಷ್ಮದರ್ಶಕದ ನೆರವಿನಿಂದ ನಾಳವನ್ನು ಮತ್ತೆ ಜೋಡಿಸಬಹುದು, ಇಲ್ಲವೇ ವೃಷಣದಿಂದಲೇ ವೀರ್ಯಾಣು ತೆಗೆದು ಪ್ರನಾಳ ಶಿಶು ವಿಧಾನದಲ್ಲಿ ಬಳಸಬಹುದು. ನಮ್ಮಲ್ಲಿ ಮಕ್ಕಳಾಗದಿದ್ದಾಗ ವರ್ಷಗಟ್ಟಲೆ ಹೆಂಡತಿಯನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಡಿಸುತ್ತಾರೆ. ಗಂಡನ ತೊಡೆಸಂದಿನಲ್ಲಿ ಹಳೆಯ ಗಾಯದ ಗೆರೆ ಇದೆಯೇ ಎಂದು ನೋಡಿ ಒಂದು ವೀರ್ಯ ಪರೀಕ್ಷೆ ಮಾಡಿಸುವುದು ಮೊದಲ ವಾರದಲ್ಲೇ ಆಗಬೇಕಾದ ಕೆಲಸ.

ಮೆಶ್ ಬಗ್ಗೆ ಹರಡಿರುವ ಭಯಕ್ಕೆ ಒಂದು ಹಿನ್ನೆಲೆ ಇದೆ. 2005ರಲ್ಲಿ ಅಮೆರಿಕದ ತಜ್ಞರು 14 ಗಂಡಸರ ವರದಿಯೊಂದನ್ನು ಪ್ರಕಟಿಸಿದರು. ಮೆಶ್ ಸುತ್ತ ಬೆಳೆದ ಗಟ್ಟಿ ಅಂಗಾಂಶ ವೀರ್ಯನಾಳವನ್ನು ಬಿಗಿದು ಮುಚ್ಚಿದ್ದು ಅದರಲ್ಲಿತ್ತು. ಹಾಗಾಗುವುದು ಸಾಧ್ಯ ಎಂಬುದು ಆ ವರದಿಯಿಂದ ಖಚಿತವಾಯಿತು, ಎಷ್ಟು ಸಾಮಾನ್ಯ ಎಂಬುದು ಮಾತ್ರ ತಿಳಿಯುವಂತಿರಲಿಲ್ಲ. ಅದನ್ನು ತಿಳಿಯಲು ಇಡೀ ದೇಶದ ಶಸ್ತ್ರಚಿಕಿತ್ಸೆಗಳನ್ನು ದಾಖಲಿಸುವ ವ್ಯವಸ್ಥೆ ಬೇಕು. ಸ್ವೀಡನ್ ಮತ್ತು ಡೆನ್ಮಾರ್ಕಿನಲ್ಲಿ ಅಂಥ ದಾಖಲೆಗಳಿವೆ, ಅವನ್ನು ಆಧರಿಸಿದ ಅಧ್ಯಯನಗಳಲ್ಲಿ ಮೆಶ್ ಶಸ್ತ್ರಚಿಕಿತ್ಸೆಯಿಂದ ಗಂಡಸರ ಬಂಜೆತನ ಗಮನಾರ್ಹವಾಗಿ ಹೆಚ್ಚಿದ್ದು ಕಂಡುಬಂದಿಲ್ಲ. ಆದ್ದರಿಂದ ಮಕ್ಕಳಾಗಬೇಕಾದ ವಯಸ್ಸಿನವರು ಮೆಶ್‌ಗೆ ಹೆದರಿ ಶಸ್ತ್ರಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ. ಆದರೂ ಎರಡೂ ಬದಿ ಹರ್ನಿಯಾ ಇರುವ, ಇನ್ನೂ ಮಕ್ಕಳಾಗದ ಯುವಕನೂ, ಒಂದೇ ವೃಷಣ ಇರುವವನೂ ಬೇರೆ ಲೆಕ್ಕಕ್ಕೆ ಸೇರುತ್ತಾರೆ. ಅಂಥವರು ಶಸ್ತ್ರಚಿಕಿತ್ಸೆಗೆ ಮೊದಲು ಒಂದು ವೀರ್ಯ ಪರೀಕ್ಷೆ ಮಾಡಿಸಿಕೊಂಡು, ಬೇಕೆನಿಸಿದರೆ ವೀರ್ಯವನ್ನು ಶೈತ್ಯಾಗಾರದಲ್ಲಿ ಕಾಪಿಡುವ ಬಗ್ಗೆಯೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಾಗುವುದರಿಂದ, ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆಯನ್ನು ಮೂರು ತಿಂಗಳು ಕಳೆದ ಮೇಲೆ ಮಾಡಿಸಿದರೆ ಮಾತ್ರ ಅರ್ಥವಿದೆ.

ಗಂಡಸುತನ ಕುಂದುತ್ತದೆ ಎಂಬ ಮಾತು ಇದಕ್ಕಿಂತಲೂ ಹೆಚ್ಚು ಹರಡಿದೆ, ಆಧಾರ ಮಾತ್ರ ಇದಕ್ಕಿಂತ ಕಡಿಮೆ. ಟೆಸ್ಟೊಸ್ಟೆರಾನ್ ಹಾರ್ಮೋನನ್ನು ತಯಾರಿಸಲು ಆರೋಗ್ಯವಂತ ವೃಷಣ ಒಂದಿದ್ದರೆ ಸಾಕು. ಒಂದು ವೃಷಣ ಕುಗ್ಗಿದರೂ ಇನ್ನೊಂದು ಆ ಕೊರತೆಯನ್ನು ತುಂಬುತ್ತದೆ. ಗಡ್ಡ ಮೀಸೆ, ಸ್ನಾಯುಬಲ, ಲೈಂಗಿಕ ಆಸಕ್ತಿ ಯಾವುದೂ ಬದಲಾಗುವುದಿಲ್ಲ. ಶಿಶ್ನದ ನಿಮಿರುವಿಕೆಗೆ ಬೇಕಾದ ನರಗಳು ಈ ದಾರಿಯಲ್ಲಿ ಹಾದುಹೋಗುವುದೇ ಇಲ್ಲ. ಹರ್ನಿಯಾದ ಗಂಟು, ನೋವು, ಮುಜುಗರ ಇವುಗಳಿಂದಾಗಿ ಕುಂದಿದ್ದ ದಾಂಪತ್ಯ ಶಸ್ತ್ರಚಿಕಿತ್ಸೆಯ ನಂತರ ಸುಧಾರಿಸಿದವರೇ ಹೆಚ್ಚು. ಗಾಯದ ನೋವು ತಗ್ಗಿದ ಮೇಲೆ, ಸಾಮಾನ್ಯವಾಗಿ ಎರಡು ವಾರಗಳ ಬಳಿಕ, ಸಂಸಾರ ಸುಖಕ್ಕೆ ಅಡ್ಡಿಯಿಲ್ಲ.

ನೋವಿನ ಬಗ್ಗೆ ಮಾತ್ರ ಅಷ್ಟೇ ಧೈರ್ಯದಿಂದ ಮಾತಾಡಲಾರೆ. ನೂರರಲ್ಲಿ ಹತ್ತು ಹನ್ನೆರಡು ಮಂದಿಗೆ ಮೂರು ತಿಂಗಳು ದಾಟಿದ ಮೇಲೂ ತೊಡೆಸಂದಿನಲ್ಲಿ ಏನಾದರೊಂದು ನೋವು ಉಳಿಯುತ್ತದೆ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು ಅವರಲ್ಲಿ ಕೆಲವರಿಗೆ. ಆ ಪ್ರದೇಶದ ಮೂರು ಸಣ್ಣ ನರಗಳಲ್ಲಿ ಯಾವುದಾದರೂ ಹೊಲಿಗೆಗೆ ಅಥವಾ ಮೆಶ್‌ಗೆ ಸಿಕ್ಕಿಕೊಂಡರೆ ಉರಿ, ಚುಚ್ಚುವಿಕೆ, ವೃಷಣಚೀಲದ ಚರ್ಮ ಮರಗಟ್ಟುವುದು ಕಾಣುತ್ತದೆ. ವೃಷಣದಲ್ಲಿಯೇ ಆಳವಾದ ನೋವು ಇದ್ದರೆ ಕಾರಣ ಬೇರೆ, ರಜ್ಜುವಿನೊಳಗಿನ ಸೂಕ್ಷ್ಮ ನರಗಳು ಅಥವಾ ರಕ್ತಸಂಚಾರ. ಕೆಲವರಿಗೆ ವೀರ್ಯ ಸ್ಖಲನದ ಕ್ಷಣದಲ್ಲಿ ಮಾತ್ರ ನೋವಾಗುತ್ತದೆ, ಅವರು ಅದನ್ನು ಯಾರಿಗೂ ಹೇಳದೆ ಹೆಂಡತಿಯಿಂದ ದೂರ ಉಳಿಯುತ್ತಾರೆ. ಇದನ್ನೆಲ್ಲ "ನಿಮ್ಮ ಮನಸ್ಸಿನ ಭ್ರಮೆ" ಎಂದು ತಳ್ಳಿಹಾಕುವುದು ನ್ಯಾಯವಲ್ಲ. ನೋವು ಎಲ್ಲಿದೆ, ಯಾವಾಗ ಬರುತ್ತದೆ ಎಂದು ವಿವರವಾಗಿ ಹೇಳಿದರೆ ಅದರ ಮೂಲ ಹಿಡಿಯಬಹುದು. ಔಷಧಿ, ನರಕ್ಕೆ ಮರವು ಬರಿಸುವ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ಚಿಕಿತ್ಸೆ ಇದೆ.

ಗಂಟು ಚಿಕ್ಕದು, ನೋವಿಲ್ಲ, ಕಾಯಬಹುದೇ ಎಂದರೆ, ವಯಸ್ಕ ಗಂಡಸರು ಕಾಯಬಹುದು. ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕಾಯುತ್ತಿದ್ದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಇಬ್ಬರಿಗೂ ಕಡಿಮೆ ಜನರಿಗೆ ಕರುಳು ಸಿಕ್ಕಿಹಾಕಿಕೊಳ್ಳುವಂಥ ತುರ್ತು ಬಂದಿತ್ತು. ಅದೇ ಜನರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಮೂರರಲ್ಲಿ ಎರಡು ಪಾಲು ಜನ ಹೆಚ್ಚಾಗಿ ನೋವಿನ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅಂದರೆ ಅವಸರ ಬೇಡ, ಆದರೆ ಗಂಟು ವೃಷಣಚೀಲಕ್ಕೆ ಇಳಿಯುವವರೆಗೂ ಕೂರಬೇಡಿ. ಪೇಟೆಯಲ್ಲಿ ಸಿಗುವ ಹರ್ನಿಯಾ ಬೆಲ್ಟನ್ನು ವರ್ಷಗಟ್ಟಲೆ ಕಟ್ಟಿಕೊಳ್ಳುವವರೂ ಇದ್ದಾರೆ. ಅದರಿಂದ ಹರ್ನಿಯಾ ಗುಣವಾಗುವುದಿಲ್ಲ. ಬೆಲ್ಟಿನ ಗುಂಡು ಒತ್ತುವ ಜಾಗದಲ್ಲೇ ವೃಷಣರಜ್ಜು ಇರುವುದರಿಂದ, ಬಹುಕಾಲದ ಒತ್ತಡ ಅಲ್ಲಿನ ಅಂಗಾಂಶವನ್ನು ಗಟ್ಟಿಗೊಳಿಸಿ ಮುಂದಿನ ಶಸ್ತ್ರಚಿಕಿತ್ಸೆಯನ್ನು ಕಷ್ಟಗೊಳಿಸುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹಿರಿಯರೊಬ್ಬರು, ಮೂರನೆಯ ಬಾರಿ ಹರ್ನಿಯಾ ಬಂದಿರುವುದರಿಂದ ಆ ಬದಿಯ ವೃಷಣವನ್ನೇ ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದ್ದು ಸರಿಯೇ ಎಂದು ಕೇಳಿದರು. ಹಲವು ಬಾರಿ ಮರುಕಳಿಸಿದ ಹರ್ನಿಯಾದಲ್ಲಿ, ರಜ್ಜು ಪೂರ್ತಿ ಹಳೆಯ ಗಾಯದ ಕಲೆಯಲ್ಲಿ ಮುಳುಗಿದ್ದಾಗ ಅಂಥ ಸಂದರ್ಭ ಬರುವುದುಂಟು. ವೈದ್ಯರು ಅದನ್ನು ಮೊದಲೇ ಹೇಳಿದ್ದು ಸರಿಯಾದ ನಡೆ. ಆ ಮಾತು ಒಪ್ಪಿಗೆ ಪತ್ರದಲ್ಲಿ, ತಮಗೆ ಓದಲು ಬರುವ ಭಾಷೆಯಲ್ಲಿ, ಎಡವೋ ಬಲವೋ ಎಂಬ ಸ್ಪಷ್ಟತೆಯೊಂದಿಗೆ ಇರಬೇಕು. ಲ್ಯಾಪರೊಸ್ಕೋಪಿಯಿಂದ ಹಿಂದಿನಿಂದ ಹೋಗುವ ಸಾಧ್ಯತೆ ಇದೆಯೇ ಎಂಬುದನ್ನೂ ತಾವು ಕೇಳಬೇಕು, ಬೇಕಾದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಪಡೆಯಬಹುದು.

ಎರಡನೆಯ ಪ್ರಶ್ನೆ ಒಬ್ಬ ತಾಯಿಯದು. ನಾಲ್ಕು ತಿಂಗಳ ಗಂಡು ಮಗುವಿಗೆ ಅತ್ತಾಗ ತೊಡೆಸಂದಿನಲ್ಲಿ ಗಂಟು ಬರುತ್ತದೆ, ಮನೆಯ ಹಿರಿಯರು "ಒಂದು ವರ್ಷ ಆಗ್ಲಿ, ಹೋಗ್ತದೆ" ಎನ್ನುತ್ತಾರೆ, ಕಾಯಬಹುದೇ ಎಂದು ಅವರು ಕೇಳಿದರು. ಮಗುವಿನ ವೃಷಣದ ಸುತ್ತ ನೀರು ಮಾತ್ರ ಇದ್ದರೆ ಹಿರಿಯರ ಮಾತು ನಿಜ, ಅದು ಒಂದೆರಡು ವರ್ಷಗಳಲ್ಲಿ ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಹರ್ನಿಯಾ ಹಾಗೆ ಹೋಗುವುದಿಲ್ಲ. ಎಳೆಯ ಮಗುವಿನಲ್ಲಿ ದಾರಿ ತೀರಾ ಕಿರಿದಾಗಿರುವುದರಿಂದ ಕರುಳು ಸಿಕ್ಕಿಹಾಕಿಕೊಳ್ಳುವ ಅಪಾಯ ಮೊದಲ ವರ್ಷದಲ್ಲಿಯೇ ಅತಿ ಹೆಚ್ಚು, ಸಿಕ್ಕಿದಾಗ ವೃಷಣಕ್ಕೆ ರಕ್ತ ನಿಲ್ಲುವುದೂ ದೊಡ್ಡವರಿಗಿಂತ ಬೇಗ. ದೊಡ್ಡವರಿಗೆ ಹೇಳಿದ ಕಾಯುವ ಮಾತು ಮಕ್ಕಳಿಗೆ ಸಲ್ಲದು. ಮಕ್ಕಳ ಶಸ್ತ್ರವೈದ್ಯರನ್ನು ಈ ವಾರವೇ ಕಂಡು ದಿನ ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಮೊದಲೇ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಮಗು ಬಿಡದೆ ಅತ್ತು ವಾಂತಿ ಮಾಡಿಕೊಂಡರೆ, ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಶಸ್ತ್ರಚಿಕಿತ್ಸೆಯಾದ ಮೇಲೆ ಗಾಯ ಮಾಗುವಾಗ ವೃಷಣ ಮೇಲಕ್ಕೆ ಎಳೆದುಕೊಳ್ಳುವುದು ಕೆಲವು ಮಕ್ಕಳಲ್ಲಿ ಉಂಟು. ಬಿಸಿನೀರಿನ ಸ್ನಾನ ಮಾಡಿಸುವಾಗ ವೃಷಣಚೀಲ ಸಡಿಲವಾಗಿರುತ್ತದೆ. ಆಗ ಎರಡೂ ಬದಿಯ ವೃಷಣಗಳು ಕೆಳಗೆ ಕೈಗೆ ಸಿಗುತ್ತವೆಯೇ ಎಂದು ಆಗಾಗ ನೋಡುತ್ತಿರಿ, ಸಿಗದಿದ್ದರೆ ಮುಂದಿನ ಚುಚ್ಚುಮದ್ದಿನ ದಿನದವರೆಗೆ ಬಿಡದೆ ತೋರಿಸಿ.